ಥ್ರಾಟಲ್ ಶಾಫ್ಟಿನ ಸವೆತ ಮತ್ತು ದುರಸ್ತಿ

ಥ್ರಾಟಲ್ ಶಾಫ್ಟು: ಪೆಟ್ರೋಲ್ ಎಂಜಿನ್ನಿನ ಕಾರ್ಬುರೇಟರಿನಲ್ಲಿ ಗಾಳಿದಾರಿಗೆ ಅಡ್ಡಲಾಗಿ ಹಾಯುವ, ಬೆರಳಿಗಿಂತ ತೆಳುವಾದ ಲೋಹದ ಸರಳು. ಇದರ ನಡುವಿನ ಸೀಳಿನಲ್ಲಿ ಎರಡು ಪುಟ್ಟ ಸ್ಕ್ರೂಗಳಿಂದ ಬಿಗಿದ ತೆಳು ಬಿಲ್ಲೆಯೇ ಬಟರ್‌ಫ್ಲೈ. ಆಕ್ಸಿಲರೇಟರ್ ತುಳಿದರೆ ಶಾಫ್ಟು ತಿರುಗಿ ಬಿಲ್ಲೆ ತೆರೆಯುತ್ತದೆ. ಕಾಲು ತೆಗೆದರೆ ಸ್ಪ್ರಿಂಗು ಅದನ್ನು ಎಳೆದು ಮುಚ್ಚುತ್ತದೆ. ಶಾಫ್ಟಿನ ಎರಡೂ ತುದಿಗಳು ಕಾರ್ಬುರೇಟರಿನ ಬಾಡಿಯಲ್ಲಿ ಕೊರೆದ ರಂಧ್ರಗಳಲ್ಲಿ ಕೂತಿರುತ್ತವೆ. ವರ್ಷಗಟ್ಟಲೆ ತಿರುಗಿ ಶಾಫ್ಟೂ ರಂಧ್ರವೂ ಸವೆದಾಗ ಅಲ್ಲೊಂದು ಸಂದು ಬಿದ್ದು, ಕಾರ್ಬುರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿನೊಳಕ್ಕೆ ನುಸುಳುತ್ತದೆ. ಹಳೆಯ ಕಾರ್ಬುರೇಟರನ್ನು ಬಿಚ್ಚಿ, ತೊಳೆದು, ಹೊಸ ಕಿಟ್ ಹಾಕಿ ಜೋಡಿಸಿದ ಮೇಲೂ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ತುಳಿಯದಿರುವಾಗಿನ ಎಂಜಿನ್ನಿನ ಓಟ, ಸರಿಹೋಗದಿದ್ದರೆ ಮೊದಲು ನೋಡಬೇಕಾದ ಜಾಗ ಇದು. ಅಂಗಡಿಯಲ್ಲಿ ಸಿಗುವ ಕಾರ್ಬುರೇಟರ್ ಕಿಟ್ಟಿನಲ್ಲಿ ಪ್ಯಾಕಿಂಗು, ನೀಡಲ್ ವಾಲ್ವು, ವಾಷರುಗಳು ಇರುತ್ತವೆ. ಈ ಸವೆತಕ್ಕೆ ಮದ್ದು ಅದರಲ್ಲಿ ಇರುವುದಿಲ್ಲ.

ಯಾವ ಕಾರ್ಬುರೇಟರುಗಳಲ್ಲಿ

ಬಟರ್‌ಫ್ಲೈ ಇರುವ ಎಲ್ಲ ಕಾರ್ಬುರೇಟರಿಗೂ ಇದು ತಪ್ಪಿದ್ದಲ್ಲ. ಆದರೆ ಈ ದುರಸ್ತಿಯ ಮಾತು ಹೆಚ್ಚಾಗಿ ಕೇಳಿಬರುವುದು ಬ್ರಿಟನ್ನಿನ ಎಸ್.ಯು. ಕಾರ್ಬುರೇಟರಿನ ಸುತ್ತ. ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಮತ್ತು ಅವನ ಸೋದರ ಥಾಮಸ್ ಕಾರ್ಲೈಲ್ ಸ್ಕಿನ್ನರ್ 20ನೆಯ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ ಈ ಕಾರ್ಬುರೇಟರಿನ ಹೆಸರು ಸ್ಕಿನ್ನರ್ಸ್ ಯೂನಿಯನ್ ಎಂಬುದರ ಮೊದಲಕ್ಷರಗಳು. ಅವರ ಮನೆತನದ ಕಸುಬು ಪಾದರಕ್ಷೆ ವ್ಯಾಪಾರ, ಮೊದಮೊದಲ ಎಸ್.ಯು.ಗಳಲ್ಲಿ ಈಗಿನ ಪಿಸ್ಟನ್ನಿನ ಬದಲು ಚರ್ಮದ ತಿದಿ ಇತ್ತು. 1926ರಲ್ಲಿ ಈ ಸಂಸ್ಥೆ ಕಾರು ತಯಾರಕ ಮಾರಿಸ್ ಕೈಸೇರಿತು. ಮುಂದೆ ಬ್ರಿಟನ್ನಿನ ಅನೇಕ ಹೆಸರಾಂತ ಕಾರುಗಳಿಗೆ ಇದೇ ಕಾರ್ಬುರೇಟರು. 1962ರಲ್ಲಿ ಬಂದ ಎಂ.ಜಿ.ಬಿ. ಕಾರಿನ ಜೋಡಿ ಎಚ್.ಎಸ್.4 ಕಾರ್ಬುರೇಟರುಗಳನ್ನು ಈ ಲೇಖನದಲ್ಲಿ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಆ ಕಾರಿನ 1798 ಸಿ.ಸಿ. ಎಂಜಿನ್ನೂ ನಮ್ಮ ಅಂಬಾಸಡರಿನ 1489 ಸಿ.ಸಿ. ಎಂಜಿನ್ನೂ ಒಂದೇ ಬಿ-ಸೀರೀಸ್ ಕುಲದವು.

ಭಾರತದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಹೆಚ್ಚಾಗಿ ಕಂಡದ್ದು ಫ್ರಾನ್ಸ್ ಮೂಲದ ಸೋಲೆಕ್ಸ್. ಅದರಲ್ಲೂ ಇದೇ ಕಾಯಿಲೆ. ಅಮೆರಿಕದಲ್ಲಿ ಜನರಲ್ ಮೋಟರ್ಸ್ 1965ರಿಂದ ಬಳಸಿದ ರಾಚೆಸ್ಟರ್ ಕ್ವಾಡ್ರಾಜೆಟ್‌ನಲ್ಲಿ ಮುಂದಿನ ಜೋಡಿ ಬಟರ್‌ಫ್ಲೈಗಳ ಶಾಫ್ಟು ಅಲ್ಯೂಮಿನಿಯಂ ತಳವನ್ನು ತಿನ್ನುವುದು ಅಲ್ಲಿನ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತಿರುವ ಸಂಗತಿ. ಅಪರೂಪಕ್ಕೆ ತೆರೆಯುವ ಹಿಂದಿನ ಜೋಡಿಯ ಶಾಫ್ಟು ಸಾಮಾನ್ಯವಾಗಿ ಚೆನ್ನಾಗಿಯೇ ಉಳಿದಿರುತ್ತದೆ. ಇಟಲಿಯ ವೆಬರ್ ಡಿ.ಸಿ.ಒ.ಇ. ಮಾತ್ರ ಶಾಫ್ಟನ್ನು ಬಾಲ್ ಬೇರಿಂಗುಗಳ ಮೇಲೆ ಕೂರಿಸಿ ಜಾಣತನ ತೋರಿತು. ಅಲ್ಲಿ ಬೇರಿಂಗು ಬದಲಿಸಿದರೆ ಮುಗಿಯಿತು, ಬಾಡಿಗೆ ಕೈಹಚ್ಚಬೇಕಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ದಿ ಬೈಕುಗಳ ಮಾಲೀಕರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು. ಅವುಗಳ ಯಿಕೋವ್ ಮಾದರಿಯ ಕಾರ್ಬುರೇಟರಿನಲ್ಲಿ ಬಟರ್‌ಫ್ಲೈ ಇಲ್ಲ, ಮೇಲೆ ಕೆಳಗೆ ಜಾರುವ ಸ್ಲೈಡು ಇದೆ. ಅದು ಸವೆಯುವ ಬಗೆಯೂ ದುರಸ್ತಿಯ ಬಗೆಯೂ ಬೇರೆ.

ಸವೆತ ಹೇಗೆ ಆಗುತ್ತದೆ

ಶಾಫ್ಟು ತಿರುಗುವುದು ಹೆಚ್ಚೆಂದರೆ ಕಾಲು ಸುತ್ತು. ವೇಗವೂ ಇಲ್ಲ, ದೊಡ್ಡ ಹೊರೆಯೂ ಇಲ್ಲ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಹೊರೆ ಎಷ್ಟೆಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಎಚ್.ಎಸ್.4ರ ಗಾಳಿದಾರಿಯ ವ್ಯಾಸ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಕಾರ್ಬುರೇಟರಿನಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ನಿರ್ವಾತ ಪಾದರಸದ 18 ಇಂಚಿನ ಆಸುಪಾಸು. ಬಿಲ್ಲೆಯ ಒಂದು ಬದಿಗೆ ವಾತಾವರಣದ ಒತ್ತಡ, ಇನ್ನೊಂದು ಬದಿಗೆ ಈ ನಿರ್ವಾತ. ಹಾಗಾಗಿ ಬಿಲ್ಲೆಯನ್ನು ಎಂಜಿನ್ನಿನ ಕಡೆಗೆ ಸುಮಾರು 7 ಕೆ.ಜಿ. ಬಲ ಸದಾ ಎಳೆಯುತ್ತಿರುತ್ತದೆ. ಆ ಭಾರವನ್ನು ಹೊರುವವು ಎರಡು ಪುಟ್ಟ ರಂಧ್ರಗಳು. ಇದರ ಮೇಲೆ ರಿಟರ್ನ್ ಸ್ಪ್ರಿಂಗು ಒಂದು ಕಡೆಗೆ, ಆಕ್ಸಿಲರೇಟರ್ ಕೇಬಲ್ಲು ಇನ್ನೊಂದು ಕಡೆಗೆ ಎಳೆಯುತ್ತವೆ. ಆದ್ದರಿಂದಲೇ ರಂಧ್ರ ದುಂಡಗೆ ಹಿಗ್ಗುವುದಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕೇಬಲ್ಲು ಎಳೆಯುವ ಲಿವರು ಇರುವ ತುದಿಯಲ್ಲಿ ಸವೆತ ಹೆಚ್ಚು.

ಎಣ್ಣೆ ಇಲ್ಲಿ ನಿಲ್ಲುವುದಿಲ್ಲ, ಪೆಟ್ರೋಲು ಅದನ್ನು ತೊಳೆದುಬಿಡುತ್ತದೆ. ಸಂದು ಒಮ್ಮೆ ಹುಟ್ಟಿತೆಂದರೆ ನಿರ್ವಾತವೇ ಹೊರಗಿನ ದೂಳನ್ನು ಅದರೊಳಕ್ಕೆ ಎಳೆಯುತ್ತದೆ. ಏರ್ ಫಿಲ್ಟರು ಎಷ್ಟು ಚೆನ್ನಾಗಿದ್ದರೂ ಈ ದಾರಿಗೆ ಕಾವಲಿಲ್ಲ. ದೂಳಿನ ಕಣಗಳು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಹುದುಗಿ ಕೂತು, ಅದಕ್ಕಿಂತ ಗಟ್ಟಿಯಾದ ಶಾಫ್ಟನ್ನು ಅರದಂತೆ ತಿನ್ನುತ್ತವೆ. ಎಸ್.ಯು.ಗಳಲ್ಲಿ ಬಾಡಿಗಿಂತ ಶಾಫ್ಟೇ ಹೆಚ್ಚು ಸವೆದಿರುವುದಕ್ಕೆ ಇದು ಕಾರಣ. ಬಾಡಿ ಉಳಿದಿದ್ದರೆ ಹೊಸ ಶಾಫ್ಟು ಹಾಕಿದಷ್ಟಕ್ಕೇ ಕೆಲಸವಾಗಬಹುದು ಎಂಬುದು ಇದರಿಂದ ಸಿಗುವ ಲಾಭ.

ಪರಿಣಾಮ

5/16 ಇಂಚಿನ, ಅಂದರೆ 7.94 ಮಿ.ಮೀ. ಶಾಫ್ಟು ತನ್ನ ರಂಧ್ರದಲ್ಲಿ ಒಟ್ಟು ಕಾಲು ಮಿ.ಮೀ. ಆಡುತ್ತಿದೆ ಎಂದುಕೊಳ್ಳೋಣ. ಒಂದು ತುದಿಯ ಸಂದಿನ ವಿಸ್ತೀರ್ಣ ಸುಮಾರು 3.1 ಚದರ ಮಿ.ಮೀ., ಎರಡೂ ಸೇರಿ 6.2. ಇದರಲ್ಲಿ ಅರ್ಧಭಾಗ ಬಿಲ್ಲೆಯ ಆಚೆ, ಎಂಜಿನ್ನಿನ ಬದಿಗೆ ತೆರೆದಿರುತ್ತದೆ. ಮ್ಯಾನಿಫೋಲ್ಡಿಗೆ 2 ಮಿ.ಮೀ. ಡ್ರಿಲ್ಲಿನಿಂದ ಒಂದು ತೂತು ಕೊರೆದರೆ ಎಷ್ಟೋ ಅಷ್ಟು. ಒಂದೂವರೆ ಲೀಟರಿನ ಎಂಜಿನ್ನಿಗೆ ಐಡ್ಲಿಂಗಿನಲ್ಲಿ ಬೇಕಾದ ಗಾಳಿಯೇ ಕಡಿಮೆ. ಸ್ಥೂಲ ಲೆಕ್ಕದಲ್ಲಿ ಅದರ ಹತ್ತನೆಯ ಒಂದು ಭಾಗದಷ್ಟು ಗಾಳಿ ಈ ಕಳ್ಳದಾರಿಯಿಂದಲೇ ಬಂದುಬಿಡುತ್ತದೆ. ಮಿಶ್ರಣ ತೆಳುವಾಗುತ್ತದೆ. ಅದೇ ಕಾರು ಹೆದ್ದಾರಿಯಲ್ಲಿ ಥ್ರಾಟಲ್ ತೆರೆದು ಓಡುವಾಗ ನಿರ್ವಾತ ಇಳಿದಿರುತ್ತದೆ, ಎಂಜಿನ್ ಎಳೆಯುವ ಗಾಳಿಯ ಮುಂದೆ ಈ ಸೋರಿಕೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ‘ರೋಡಲ್ಲಿ ಚೆನ್ನಾಗಿ ಓಡುತ್ತೆ, ಸಿಗ್ನಲ್‌ನಲ್ಲಿ ನಿಂತರೆ ಆಫ್ ಆಗುತ್ತೆ’ ಎಂದು ಮಾಲೀಕ ದೂರುವುದು ಇದಕ್ಕೇ.

ತೆಳು ಮಿಶ್ರಣಕ್ಕಿಂತ ಕಾಡುವುದು ಇನ್ನೊಂದಿದೆ. ಸಡಿಲವಾದ ಶಾಫ್ಟು ಪ್ರತಿಸಲ ಒಂದೇ ಜಾಗಕ್ಕೆ ಮರಳುವುದಿಲ್ಲ. ಆಕ್ಸಿಲರೇಟರ್ ಒತ್ತಿ ಬಿಟ್ಟರೆ ಎಂಜಿನ್ ಒಮ್ಮೆ ನಿಮಿಷಕ್ಕೆ 700 ಸುತ್ತಿಗೆ ಇಳಿದರೆ ಇನ್ನೊಮ್ಮೆ 1100ರಲ್ಲೇ ನಿಲ್ಲುತ್ತದೆ. ಜೋಡಿ ಕಾರ್ಬುರೇಟರುಗಳಲ್ಲಿ ಇದು ತಲೆಬೇನೆಯೇ ಸರಿ: ಎರಡನ್ನೂ ಸಮ ಮಾಡಿ ಸ್ಕ್ರೂ ಬಿಗಿದು ಬಾನೆಟ್ ಮುಚ್ಚುವಷ್ಟರಲ್ಲಿ ಸಮತೋಲ ಹೋಗಿರುತ್ತದೆ.

ಟ್ಯೂನಿಂಗಿನಿಂದ ಇದನ್ನು ಮುಚ್ಚಿಹಾಕುವ ಪ್ರಯತ್ನ ಎಲ್ಲ ಕಡೆಯೂ ನಡೆಯುತ್ತದೆ, ಫಲ ಮಾತ್ರ ಕಾರ್ಬುರೇಟರಿನ ಜಾತಿಗೆ ತಕ್ಕಂತೆ. ಸೋಲೆಕ್ಸ್‌ನಲ್ಲಿ ಐಡ್ಲಿಂಗಿಗೆ ಪ್ರತ್ಯೇಕ ಜೆಟ್ಟೂ ಸ್ಕ್ರೂವೂ ಇರುವುದರಿಂದ ಸ್ಕ್ರೂ ತಿರುಗಿಸಿ ಪೆಟ್ರೋಲು ಹೆಚ್ಚಿಸಿದರೆ ನಿಂತಲ್ಲಿ ಎಂಜಿನ್ ಹೇಗೋ ನಡೆಯುತ್ತದೆ. ಆದರೆ ಥ್ರಾಟಲ್ ಆಗತಾನೆ ತೆರೆಯುವ ಗಳಿಗೆಯಲ್ಲಿ ಒಂದು ಮುಗ್ಗರಿಕೆ ಉಳಿದೇಬಿಡುತ್ತದೆ. ಎಸ್.ಯು.ನಲ್ಲಿ ಎಲ್ಲ ವೇಗಕ್ಕೂ ಒಂದೇ ಜೆಟ್ಟು, ಒಂದೇ ಸೂಜಿ. ಐಡ್ಲಿಂಗಿಗಾಗಿ ಜೆಟ್ ನಟ್ಟನ್ನು ತಿರುಗಿಸಿದರೆ ಎಲ್ಲ ವೇಗದಲ್ಲೂ ಪೆಟ್ರೋಲು ಹೆಚ್ಚಾಗಿ ಪ್ಲಗ್ಗು ಕಪ್ಪಾಗುತ್ತದೆ, ಮೈಲೇಜು ಬೀಳುತ್ತದೆ. ಸವೆದ ಶಾಫ್ಟಿನ ಮೇಲೆ ಟ್ಯೂನಿಂಗ್ ಮಾಡುವುದು ದುಡ್ಡು ದಂಡ.

ಪತ್ತೆ

ಲಿವರನ್ನು ಬೆರಳಿನಲ್ಲಿ ಹಿಡಿದು, ತಿರುಗಿಸದೆ, ಎಂಜಿನ್ನಿನ ಕಡೆಗೂ ಹೊರಕ್ಕೂ ಅಲ್ಲಾಡಿಸಿದರೆ ಆಟ ಕೈಗೆ ತಿಳಿಯುತ್ತದೆ. ಉದ್ದಕ್ಕೆ, ಅಂದರೆ ಎಡಬಲಕ್ಕೆ, ಸ್ವಲ್ಪ ಜಾರುವುದು ಇದ್ದದ್ದೇ. ಅದನ್ನು ಸವೆತವೆಂದು ತಿಳಿಯಬಾರದು. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಶಾಫ್ಟಿನ ತುದಿಗಳ ಸುತ್ತ ಗಟ್ಟಿ ಗ್ರೀಸು ಮೆತ್ತಿ ನೋಡುವುದು ಸುಲಭವಾದ, ಅಪಾಯವಿಲ್ಲದ ಪರೀಕ್ಷೆ. ಸದ್ದು ಬದಲಾದರೆ ಅಲ್ಲಿ ಸೋರಿಕೆ ಇದೆ. ಕೆಲವರು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲನ್ನೇ ಚಿಮುಕಿಸಿ ನೋಡುತ್ತಾರೆ. ಬೆಂಕಿಗೆ ಆಹ್ವಾನ ಕೊಟ್ಟಂತೆ, ಖಂಡಿತ ಕೂಡದು.

ಹೀಗೆ ಪತ್ತೆಯಾದದ್ದೆಲ್ಲ ಸವೆತವೇ ಆಗಿರಬೇಕೆಂದಿಲ್ಲ. ಸ್ಟ್ರಾಂಬರ್ಗ್ ಸಿ.ಡಿ. ಮತ್ತು ಎಸ್.ಯು.ನ ಎಚ್.ಐ.ಎಫ್. ಮಾದರಿಗಳಲ್ಲಿ ಶಾಫ್ಟಿನ ತುದಿಗಳಿಗೆ ರಬ್ಬರ್ ಸೀಲ್ ಇರುತ್ತದೆ. ಅವನ್ನು ಬದಲಿಸಿದರೆ ಸಾಕಾಗಬಹುದು. ಇನ್ನು ಕೆಲವು ಎಸ್.ಯು. ಬಿಲ್ಲೆಗಳ ಮೇಲೆ, ಹೊಗೆ ನಿಯಮಗಳ ಕಾಲದಲ್ಲಿ ಸೇರಿಸಿದ, ಸ್ಪ್ರಿಂಗಿನ ಪುಟ್ಟ ವಾಲ್ವು ಇದೆ. ಅದು ಸರಿಯಾಗಿ ಮುಚ್ಚದಿದ್ದರೂ ಐಡ್ಲಿಂಗ್ ಏರುತ್ತದೆ.

ಬಿಚ್ಚುವುದು ಮತ್ತು ಅಳೆಯುವುದು

ಕೆಲಸ ಕೆಡುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಬಿಲ್ಲೆಯ ಸ್ಕ್ರೂಗಳು ಕಳಚಿ ಎಂಜಿನ್ನಿಗೆ ಬೀಳದಿರಲೆಂದು ಕಾರ್ಖಾನೆಯಲ್ಲಿ ಅವುಗಳ ತುದಿಯನ್ನು ಸೀಳಿ ಅಗಲಿಸಿರುತ್ತಾರೆ, ಇಲ್ಲವೇ ಬಡಿದು ಚಪ್ಪಟೆ ಮಾಡಿರುತ್ತಾರೆ. ಹಾಗೇ ತಿರುಗಿಸಿದರೆ ಸ್ಕ್ರೂವಿನ ತಲೆ ಹಾರುತ್ತದೆ ಅಥವಾ ಶಾಫ್ಟಿನ ಮರೆ ಹೋಗುತ್ತದೆ. ಹಿಂಬದಿಗೆ ಚಾಚಿದ ತುದಿಯನ್ನು ಸಣ್ಣ ಅರದಿಂದ ಶಾಫ್ಟಿನ ಮಟ್ಟಕ್ಕೆ ಉಜ್ಜಿ ತೆಗೆದ ಮೇಲೆಯೇ ಸ್ಕ್ರೂಡ್ರೈವರ್ ಹಚ್ಚಬೇಕು. ಬಿಲ್ಲೆ ಪೂರ್ತಿ ದುಂಡಗಿಲ್ಲ, ತುಸು ಅಂಡಾಕಾರ. ಅಂಚುಗಳನ್ನು ಓರೆಯಾಗಿ ಕತ್ತರಿಸಿರುತ್ತಾರೆ. ತಿರುಗುಮುರುಗಾಗಿ ಕೂರಿಸಿದರೆ ಅದು ಮುಚ್ಚುವುದೇ ಇಲ್ಲ. ಬಿಚ್ಚುವ ಮೊದಲು ಯಾವ ಮುಖ ಹೊರಗೆ, ಯಾವ ಅಂಚು ಮೇಲೆ ಎಂದು ಗೀಚಿ ಗುರುತು ಹಾಕಿಕೊಳ್ಳಬೇಕು.

ಹೊರಬಂದ ಶಾಫ್ಟನ್ನು ಮೈಕ್ರೋಮೀಟರಿನಿಂದ ಎರಡು ಕಡೆ ಅಳೆಯುತ್ತಾರೆ: ರಂಧ್ರದಲ್ಲಿ ಕೂರುವ ಭಾಗದಲ್ಲಿ ಮತ್ತು ಎಲ್ಲಿಯೂ ಉಜ್ಜಿಕೊಳ್ಳದ ಭಾಗದಲ್ಲಿ. ವ್ಯತ್ಯಾಸವೇ ಶಾಫ್ಟಿನ ಸವೆತ. ರಂಧ್ರದ ಸವೆತ ತಿಳಿಯಲು ಹೊಸ ಶಾಫ್ಟನ್ನು ತೂರಿಸಿ ಡಯಲ್ ಗೇಜು ಇಟ್ಟು ಅಲ್ಲಾಡಿಸುವುದೇ ಒಳ್ಳೆಯ ದಾರಿ. ಆಟ 0.05 ಮಿ.ಮೀ. ಒಳಗಿದ್ದರೆ ಹೊಸ ಶಾಫ್ಟು ಹಾಕಿ ಮುಗಿಸಬಹುದು. 0.1 ಮಿ.ಮೀ. ದಾಟಿದರೆ ಬಾಡಿಯನ್ನೂ ಸರಿಮಾಡಲೇಬೇಕು. ನಡುವಿನದಕ್ಕೆ ಮೆಕ್ಯಾನಿಕ್ಕಿನ ವಿವೇಚನೆಯೇ ಪ್ರಮಾಣ. ಜೋಡಿ ಕಾರ್ಬುರೇಟರಾದರೆ ಬಿಗಿಯ ಕಡೆಗೆ ವಾಲುವುದು ಒಳ್ಳೆಯದು.

ದುರಸ್ತಿಯ ಬಗೆಗಳು

ದಪ್ಪ ಶಾಫ್ಟು ಒಂದು ದಾರಿ. ಮೂಲ ಅಳತೆಗಿಂತ ಒಂದಿಂಚಿನ ನೂರನೆಯ ಒಂದು ಭಾಗ, ಅಂದರೆ 0.010 ಇಂಚು ದಪ್ಪನೆಯ ಶಾಫ್ಟುಗಳು ಎಸ್.ಯು.ಗೆ ಸಿಗುತ್ತವೆ. ಬಾಡಿಯ ಎರಡೂ ರಂಧ್ರಗಳಿಗೆ ಒಟ್ಟಿಗೆ ರೀಮರ್ (ರಂಧ್ರವನ್ನು ನಯವಾಗಿ ಹಿಗ್ಗಿಸುವ ಉಪಕರಣ) ಹೊಡೆದು ಇದನ್ನು ಕೂರಿಸುತ್ತಾರೆ. ಲೋಹ ಕಡಿಮೆ ತೆಗೆಯುವುದರಿಂದ ಬಾಡಿಗೆ ಅಪಾಯ ಕಡಿಮೆ. ಕುಂದು ಎಂದರೆ, ಅಲ್ಯೂಮಿನಿಯಂ ಮೇಲೆ ಶಾಫ್ಟು ಉಜ್ಜುವ ಹಳೆಯ ಸ್ಥಿತಿ ಹಾಗೇ ಮುಂದುವರಿಯುತ್ತದೆ, ಮೊಟ್ಟೆಯಾಕಾರದ ರಂಧ್ರದಲ್ಲಿ ರೀಮರು ಸವೆದ ಬದಿಗೇ ವಾಲುತ್ತದೆ.

ಬುಷ್, ಅಂದರೆ ರಂಧ್ರದೊಳಗೆ ಕೂತು ಶಾಫ್ಟನ್ನು ಹಿಡಿಯುವ ತೆಳು ಕೊಳವೆ, ಹಾಕುವುದೇ ಬಾಳಿಕೆಯ ಪರಿಹಾರ. ಎಚ್.ಎಸ್.4ರಲ್ಲಿ 5/16 ಇಂಚಿನ ರಂಧ್ರವನ್ನು 3/8 ಇಂಚಿಗೆ ಹಿಗ್ಗಿಸಿದರೆ ಸುಮಾರು 0.8 ಮಿ.ಮೀ. ದಪ್ಪದ ಗೋಡೆಯ ಬುಷ್ಷಿಗೆ ಜಾಗವಾಗುತ್ತದೆ. ಈ ಕೆಲಸದ ಮರ್ಮ ಇರುವುದು ಸಂದು ತುಂಬುವುದರಲ್ಲಲ್ಲ, ಅಕ್ಷ ಕಾಪಾಡುವುದರಲ್ಲಿ. ಎರಡು ರಂಧ್ರಗಳೂ ಒಂದೇ ಗೆರೆಯಲ್ಲಿರಬೇಕು, ಆ ಗೆರೆ ಗಾಳಿದಾರಿಯ ನಟ್ಟನಡುವೆ ಹಾಯಬೇಕು. ಕೂದಲೆಳೆಯಷ್ಟು ಸರಿದರೂ ಬಿಲ್ಲೆ ಒಂದು ಕಡೆ ಒತ್ತಿ, ಇನ್ನೊಂದು ಕಡೆ ತೆರೆದು ನಿಲ್ಲುತ್ತದೆ. ಕೈ ಡ್ರಿಲ್ಲಿನಲ್ಲಿ ಇದು ಆಗದ ಮಾತು. ಬಾಡಿಯನ್ನು ಡ್ರಿಲ್ಲಿಂಗ್ ಮಶೀನಿಗೋ ಮಿಲ್ಲಿಂಗ್ ಮಶೀನಿಗೋ ಕಟ್ಟಿ, ಡಯಲ್ ಇಟ್ಟು ರಂಧ್ರದ ಸವೆಯದ ಭಾಗವನ್ನು ಆಧಾರ ಮಾಡಿಕೊಂಡು ನೆಟ್ಟಗೆ ಮಾಡಿಕೊಳ್ಳಬೇಕು. ಲಿವರಿನ ತುದಿ ಕೆಟ್ಟಿದ್ದರೂ ಎದುರಿನ ರಂಧ್ರ ಮತ್ತು ಒಳ ಅಂಚು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಅದಕ್ಕೇ ಮೂತಿಯಲ್ಲಿ ಪೈಲಟ್ ಇರುವ ಉದ್ದನೆಯ ರೀಮರು ಬಳಸುತ್ತಾರೆ: ಪೈಲಟ್ ಎದುರು ರಂಧ್ರದಲ್ಲಿ ಕೂತು ದಾರಿ ತೋರಿಸುತ್ತದೆ, ಹಿಂದಿನ ಹಲ್ಲುಗಳು ಈ ಬದಿಯನ್ನು ಕತ್ತರಿಸುತ್ತವೆ. ಒಂದು ಬದಿಗೆ ಬುಷ್ ಹಾಕಿ, ಅದನ್ನೇ ಆಧಾರವಾಗಿಟ್ಟುಕೊಂಡು ಇನ್ನೊಂದು ಬದಿಗೆ ಹೋಗುವುದು ರೂಢಿ.

ಬುಷ್ ರಂಧ್ರಕ್ಕಿಂತ 0.02ರಿಂದ 0.03 ಮಿ.ಮೀ. ದಪ್ಪವಿದ್ದರೆ ಸಾಕು, ವೈಸಿನಲ್ಲೇ ಒತ್ತಿ ಕೂರಿಸಬಹುದು. ಇನ್ನೂ ಬಿಗಿ ಮಾಡಿದರೆ ತೆಳು ಬಾಡಿ ಬಿರುಕು ಬಿಡುವ ಭಯ. ಕೆಲವರು ಬೇರಿಂಗ್ ಕೂರಿಸುವ ಲಾಕ್ಟೈಟ್ ಅಂಟಿನ ಒಂದು ತೊಟ್ಟು ಸೇರಿಸುತ್ತಾರೆ. ಬುಷ್ಷಿನ ಒಳತುದಿ ಗಾಳಿದಾರಿಗೆ ಚಾಚಿರಬಾರದು. ಚಾಚಿದ್ದರೆ ಗಾಳಿದಾರಿಯ ವಕ್ರಕ್ಕೆ ಸರಿಯಾಗಿ ಉಜ್ಜಬೇಕು, ಇಲ್ಲದಿದ್ದರೆ ಬಿಲ್ಲೆಯ ಅಂಚಿಗೆ ತಾಗುತ್ತದೆ. ಎರಡೂ ಬುಷ್ ಕೂತ ಮೇಲೆ ಒಂದೇ ರೀಮರನ್ನು ಈ ಕಡೆಯಿಂದ ಆ ಕಡೆಗೆ ಹಾಯಿಸಿ, ಶಾಫ್ಟಿಗೆ 0.025ರಿಂದ 0.05 ಮಿ.ಮೀ. ಸಡಿಲ ಕೊಡುತ್ತಾರೆ. ಅದಕ್ಕಿಂತ ಬಿಗಿಯಾದರೆ ಥ್ರಾಟಲ್ ಅಂಟಿಕೊಳ್ಳಬಹುದು. ಸೋರುವ ಥ್ರಾಟಲ್ ತೊಂದರೆ ಕೊಡುತ್ತದೆ ಅಷ್ಟೆ, ತೆರೆದಂತೆಯೇ ಅಂಟಿಕೊಂಡ ಥ್ರಾಟಲ್ ಜೀವ ತೆಗೆಯುತ್ತದೆ.

ಬುಷ್ಷಿಗೆ ಯಾವ ಲೋಹ ಎಂಬುದರಲ್ಲಿ ಒಮ್ಮತವಿಲ್ಲ. ಎಣ್ಣೆ ಹೀರಿದ ಪುಡಿ-ಕಂಚಿನ ಬುಷ್ ಸಿದ್ಧವಾಗಿ ಸಿಗುತ್ತದೆ, ಆದರೆ ರೀಮರ್ ಹೊಡೆದರೆ ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ, ಒಳಗಿನ ಎಣ್ಣೆಯನ್ನು ಪೆಟ್ರೋಲು ತೊಳೆಯುತ್ತದೆ. ಟೆಫ್ಲಾನ್ ನುಣುಪು, ಎಣ್ಣೆ ಬೇಡ. ಆದರೆ ಒತ್ತಡದಲ್ಲಿ ನಿಧಾನವಾಗಿ ಹರಿದು ಆಕಾರ ಬಿಡುತ್ತದೆ. ನಮ್ಮ ಊರುಗಳ ಟರ್ನರುಗಳು ನೂರಾರು ಬುಷ್ ಕಡೆದಿರುವ ಗನ್‌ಮೆಟಲ್ಲೇ ಈ ಲೇಖಕನ ಆಯ್ಕೆ. ಎಚ್‌ಎಂಟಿಯ ಹಳೆಯ ಲೇತೊಂದನ್ನು ಚೆನ್ನಾಗಿ ಇಟ್ಟುಕೊಂಡಿರುವ ಬೆಂಗಳೂರು, ಹುಬ್ಬಳ್ಳಿಗಳ ಯಾವ ಸಣ್ಣ ವರ್ಕ್‌ಶಾಪಿಗೂ ಬುಷ್ ಕಡೆಯುವುದು ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ಬಾಡಿಯನ್ನು ನೆಟ್ಟಗೆ ಕಟ್ಟುವುದರಲ್ಲಿ. ಆ ಹೊತ್ತನ್ನು ಕೊಡಲು ಒಪ್ಪುವ ಟರ್ನರನ್ನು ಹುಡುಕಬೇಕು.

ಸೋಲೆಕ್ಸ್ ಮತ್ತು ಕ್ವಾಡ್ರಾಜೆಟ್‌ಗಳಲ್ಲಿ ಇನ್ನೊಂದು ಎಚ್ಚರ ಬೇಕು. ಶಾಫ್ಟಿನ ಅಕ್ಕಪಕ್ಕದಲ್ಲೇ ಐಡ್ಲಿಂಗಿನ ಪೆಟ್ರೋಲು ಹರಿಯುವ, ನಿರ್ವಾತ ಒಯ್ಯುವ ಸಣ್ಣ ನಾಳಗಳು ಇರುತ್ತವೆ. ಅಗಲವಾಗಿಯೋ ಆಳವಾಗಿಯೋ ಕೊರೆದರೆ ಅವು ಒಡೆದು ಬಾಡಿ ಗುಜರಿಗೇ. ಬಿಲ್ಲೆಯ ಅಂಚಿನ ಎದುರಿಗೆ ಇರುವ ಪುಟ್ಟ ತೂತುಗಳ ಸ್ಥಾನ ಐಡ್ಲಿಂಗಿನಿಂದ ವೇಗಕ್ಕೆ ಹಾಯುವ ಹಂತವನ್ನು ನಿರ್ಧರಿಸುತ್ತದೆ. ಶಾಫ್ಟು ಸರಿದರೆ ಬಿಲ್ಲೆಯ ಅಂಚೂ ಸರಿದು ಪಿಕಪ್ ಹಾಳಾಗುತ್ತದೆ. ಇಂಥ ಬಾಡಿಗಳಿಗೆ ಆದಷ್ಟು ತೆಳು ಗೋಡೆಯ ಬುಷ್, ಸವೆದಷ್ಟು ಉದ್ದಕ್ಕೆ ಮಾತ್ರ.

ಹೊಸ ಶಾಫ್ಟು ಎಲ್ಲಿಯೂ ಸಿಗದಿದ್ದರೆ ಗ್ರೈಂಡ್ ಮಾಡಿದ ಸ್ಟೇನ್‌ಲೆಸ್ ಅಥವಾ ಸಿಲ್ವರ್ ಸ್ಟೀಲ್ ಸರಳಿನಿಂದ ಮಾಡಿಸಬಹುದು. ಸೀಳು ನಟ್ಟನಡುವೆ ಬರಬೇಕು, ಬಿಲ್ಲೆಯ ದಪ್ಪಕ್ಕೆ ತಕ್ಕಷ್ಟೇ ಅಗಲವಿರಬೇಕು. ಹಳೆಯ ಶಾಫ್ಟಿನ ಸವೆದ ಭಾಗಕ್ಕೆ ಹಾರ್ಡ್ ಕ್ರೋಮ್ ಹಿಡಿಸಿ ಮೂಲ ಅಳತೆಗೆ ತರುವುದೂ ಉಂಟು. ಎರಡು ಬಾಡಿಯಿಂದ ಒಂದು ಬಾಡಿ ಮಾಡುವ, ಅಂದರೆ ಕಡಿಮೆ ಸವೆದದ್ದನ್ನು ಆರಿಸಿ ಬಳಸುವ ಪದ್ಧತಿ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಹಳೆಯ ಬಿಡಿಭಾಗಗಳ ಪೇಟೆ ಇರುವಲ್ಲಿ ಮೊದಲಿನಿಂದಲೂ ಇದೆ. ಎಪಾಕ್ಸಿ ಅಂಟು ತುಂಬುವುದು, ತುದಿಗೆ ಫೆಲ್ಟ್ ವಾಷರು ಸಿಕ್ಕಿಸುವುದು, ಗ್ರೀಸು ಮೆತ್ತುವುದು, ಇವೆಲ್ಲ ಊರು ಸೇರುವವರೆಗಿನ ಉಪಾಯಗಳು. ಎಥನಾಲ್ ಬೆರೆತ ಇಂದಿನ ಪೆಟ್ರೋಲಿನಲ್ಲಿ ಎಪಾಕ್ಸಿಯನ್ನು ನಂಬುವಂತೆಯೇ ಇಲ್ಲ. ಒ-ರಿಂಗ್ ಹಾಕುವುದಾದರೆ ಪೆಟ್ರೋಲಿಗೆ ಜಗ್ಗದ ವೈಟಾನ್ ರಬ್ಬರಿನದೇ ಇರಲಿ.

ಜೋಡಣೆ

ಬಿಲ್ಲೆಯನ್ನು ಸೀಳಿನಲ್ಲಿ ಇಳಿಸಿ ಸ್ಕ್ರೂಗಳನ್ನು ಸಡಿಲವಾಗಿಯೇ ಇಟ್ಟು, ಥ್ರಾಟಲನ್ನು ಒಂದೆರಡು ಸಲ ಟಪ್ಪೆಂದು ಮುಚ್ಚಬೇಕು. ಬಿಲ್ಲೆ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಈಗ ಬೆಳಕಿಗೆ ಹಿಡಿದು ನೋಡಿದರೆ ಅಂಚಿನ ಸುತ್ತ ಬೆಳಕು ಕಾಣಬಾರದು, ಕಂಡರೂ ಎಲ್ಲ ಕಡೆ ಒಂದೇ ಸಮನಾದ ನೂಲಿನೆಳೆಯಂತಿರಬೇಕು. ಒಂದು ಕಡೆ ಮಾತ್ರ ಚಂದ್ರಕಲೆಯಂತೆ ಕಂಡರೆ ಅಕ್ಷ ತಪ್ಪಿದೆ ಅಥವಾ ಬಿಲ್ಲೆ ತಿರುಗುಮುರುಗಾಗಿದೆ. ಸರಿಯಾದ ಮೇಲೆ ಸ್ಕ್ರೂ ಬಿಗಿದು, ಶಾಫ್ಟಿನ ಕೆಳಗೆ ಆಸರೆ ಕೊಟ್ಟು, ಸ್ಕ್ರೂವಿನ ಸೀಳಿದ ತುದಿಗಳನ್ನು ಅಗಲಿಸಬೇಕು. ಆಸರೆಯಿಲ್ಲದೆ ಬಡಿದರೆ ಹೊಸ ಶಾಫ್ಟು ಬಾಗುತ್ತದೆ. ಹಳೆಯ ಸ್ಕ್ರೂಗಳನ್ನು ಮತ್ತೆ ಬಳಸುವುದು ಎರಡು ಕಾಸಿನ ಉಳಿತಾಯಕ್ಕೆ ಎಂಜಿನ್ನನ್ನೇ ಒಡ್ಡಿದಂತೆ.

ಗಾಡಿಗೆ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ಮತ್ತೆ ಮತ್ತೆ ಒತ್ತಿ ಬಿಡಬೇಕು. ಪ್ರತಿಸಲವೂ ಅದೇ ಸುತ್ತಿಗೆ ಮರಳಿದರೆ ಕೆಲಸ ಆಯಿತೆಂದು ತಿಳಿಯಬಹುದು. ಟ್ಯೂನಿಂಗ್ ಏನಿದ್ದರೂ ಇದಾದ ಮೇಲೆ. ಹಿಂದೆ ಸೋರಿಕೆ ಸರಿದೂಗಿಸಲು ಹೆಚ್ಚಿಸಿದ್ದ ಪೆಟ್ರೋಲನ್ನು ಈಗ ಇಳಿಸಬೇಕಾಗುತ್ತದೆ.

ಯಾವಾಗ ಮಾಡಿಸಬೇಕು

ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲೆನ್ ಸಂಸ್ಥೆ ಎಸ್.ಯು. ಕಾರ್ಬುರೇಟರುಗಳನ್ನೂ ಬಿಡಿಭಾಗಗಳನ್ನೂ ಇಂದಿಗೂ ತಯಾರಿಸುತ್ತಿರುವುದರಿಂದ ಎಸ್.ಯು. ಇಟ್ಟುಕೊಂಡವರಿಗೆ ಆಯ್ಕೆ ಇದೆ: ತೀರ ಕೆಟ್ಟ ಬಾಡಿಗೆ ದುಡ್ಡು ಸುರಿಯುವ ಮೊದಲು ಹೊಸದರ ಬೆಲೆ ಕೇಳಬಹುದು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಹೊಗೆ ನಿಯಮ ಜಾರಿಯಾದ ಮೇಲೆ ಬಹುತೇಕ ಹೊಸ ಬೈಕುಗಳೂ ಕಾರ್ಬುರೇಟರ್ ಬಿಟ್ಟವು. ಹಾಗಾಗಿ ಹಳೆಯ ಸೋಲೆಕ್ಸ್ ಇಟ್ಟುಕೊಂಡವರು ಬಾಡಿಯನ್ನು ಉಳಿಸಿಕೊಳ್ಳುವುದೇ ಮೇಲು. ಹೊಸ ಶಾಫ್ಟಿನಿಂದ ನಿಲ್ಲುವ ಆಟಕ್ಕೆ ಬುಷ್ ಬೇಡ. ಬುಷ್ ಬೇಕಾದ ಬಾಡಿಯನ್ನು ಪೈಲಟ್ ರೀಮರೂ ಡಯಲ್ ಗೇಜೂ ಇಲ್ಲದ ವರ್ಕ್‌ಶಾಪಿಗೆ ಕೊಡುವುದು ಬೇಡ.